ಹೊತ್ತು ಮುಳುಗುವ ಮುಂಚೆ ಹಾಸಿಗೆ

“ಸೂರ್ಯನೇ ಇನ್ನೂ ಮಲಗಿಲ್ಲ, ನೀನು ಆಗ್ಲೇ ಮಲಗಿಬಿಟ್ಯಾ ವರ್ನಾ?”

ಕಿಟಕಿಯ ಹೊರಗಿನಿಂದ ಕೇಳಿದವಳು ಗೆಳತಿ ನೆರಿಡಾ. ವರ್ನಾ ಟ್ರೆಗೆಂಜಾ ಕದ್ದು ಸಿಕ್ಕಿಬಿದ್ದವಳ ಹಾಗೆ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. ದಕ್ಷಿಣ ಗೋಳಾರ್ಧದ ಆ ಕಡಲೂರಿನಲ್ಲಿ ಜನವರಿಯೆಂದರೆ ನಡುಬೇಸಿಗೆ, ಬಿಸಿಲು ಇನ್ನೂ ಗೋಡೆ ಬಿಟ್ಟಿರಲಿಲ್ಲ. ಕೋಳಿಗಳೂ ಗೂಡು ಸೇರಲು ಒಪ್ಪದ ಹೊತ್ತು ಅದು.

ಏನು ಮಾಡುವುದು? ನರಗಳ ಕಾಯಿಲೆಯಿಂದ ಕಾಲು ಸೋತ ಮೇಲೆ ಅವಳನ್ನು ಗಾಲಿಕುರ್ಚಿಯಿಂದ ಎತ್ತಿ ಮಲಗಿಸಲು ಆ ಕೆಲಸದಲ್ಲಿ ಪಳಗಿದ ಒಬ್ಬರು ಬೇಕು. ಸರ್ಕಾರದ ನೆರವಿನ ಹಣವೇನೋ ಅವಳ ಹೆಸರಿನಲ್ಲೇ ಇತ್ತು. ಆದರೆ ಅದನ್ನು ನೋಡಿಕೊಳ್ಳುವವರು ಬೇರೆ, ಆಳು ಕಳಿಸುವ ಏಜೆನ್ಸಿ ಬೇರೆ. ಆ ಏಜೆನ್ಸಿಯ ಹೆಂಗಸು ಸಂಜೆಯೇ ಬಂದು, ಇವಳನ್ನು ಮಲಗಿಸಿ, ಮುಂದಿನ ಮನೆಗೆ ಓಡಬೇಕಿತ್ತು.

ವಾಲರೂ ಊರಿನಲ್ಲಿ ಕಡಲೊಳಕ್ಕೆ ಚಾಚಿದ ಜೆಟ್ಟಿಯ ಮೇಲೆ ಬೊಂಡಾಸ್, ಅಂದರೆ ಶಾಯಿ ಉಗುಳುವ ಸ್ಕ್ವಿಡ್, ಗಾಳಕ್ಕೆ ಬೀಳುವುದು ಹೊತ್ತು ಮುಳುಗಿದ ಮೇಲೆ. ಚಿಕ್ಕಂದಿನಿಂದ ಆ ಹೊತ್ತನ್ನೆಲ್ಲ ಅಲ್ಲೇ ಕಳೆದಿದ್ದ ವರ್ನಾ ಈಗ ಮಲಗಿದಲ್ಲಿಂದಲೇ ತಮ್ಮ ಕ್ಲೆಮ್ ಬಕೆಟ್ ಎತ್ತಿಕೊಂಡು ಹೊರಡುವ ಸದ್ದು ಕೇಳುತ್ತಿದ್ದಳು. ಒಂದು ಬೇಸಿಗೆ ಹಾಗೇ ಹೋಗಿತ್ತು. ಎರಡನೆಯದೂ ಹೋಗುವುದರಲ್ಲಿತ್ತು.

ನೆರಿಡಾ ಒಳಗೆ ಬಂದು ತನ್ನ ಮೋಟಾರ್ ಕುರ್ಚಿಯನ್ನು ಮಂಚದ ಹತ್ತಿರಕ್ಕೇ ತಂದು ನಿಲ್ಲಿಸಿದಳು. ಅವಳಿಗೆ ಹುಟ್ಟಿನಿಂದಲೂ ಕೈಕಾಲು ಬಿಗಿ. ತನ್ನ ನೆರವಿನ ಹಣವನ್ನು ತಾನೇ ನೋಡಿಕೊಳ್ಳುವವಳು. ನೀನೂ ಹಾಗೆ ಯಾಕೆ ಮಾಡಲಿಲ್ಲ ಎಂದು ಕೇಳಿದಳು.

“ಆಫೀಸಿನವರು ಕೇಳಿದ್ರು, ‘ನೀವೇ ನೋಡ್ಕೋತೀರಾ?’ ಅಂತ. ಆಗಲ್ಲ ಅಂದೆ.”

“ಯಾಕೆ ಹಾಗಂದೆ?”

“ಆಗುತ್ತೆ ಅಂದ್ರೆ, ಇವಳಿಗೆ ನೆರವೇ ಬೇಕಾಗಿಲ್ಲ ಅಂತ ಬರ್ಕೊಂಡು ಹೋಗ್ತಾರಲ್ಲ.”

ನೆರಿಡಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುವ ಮಾತೇನೋ ಹೌದು, ಆದರೆ ನಮ್ಮಲ್ಲಿ ಈ ತಪ್ಪು ಮಾಡದವರು ಯಾರು? ಅಧಿಕಾರಿ ಏನೇ ಕೇಳಲಿ, ‘ಆಗಲ್ಲ’ ಎಂದು ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿಯಾಗಿಬಿಟ್ಟಿದೆ. ಆಗುತ್ತದೆ ಎಂದರೆ ಇರುವುದೂ ಕೈ ತಪ್ಪೀತು ಎಂಬ ಭಯ.

“ಅವರು ಕೇಳಿದ್ದು ಹಣ ನೋಡ್ಕೋತೀಯಾ ಅಂತ ಕಣೇ, ನಿನ್ನ ಮೈ ನೋಡ್ಕೋತೀಯಾ ಅಂತಲ್ಲ. ಹಣ ನೀನೇ ನೋಡ್ಕೊಂಡೆ ಅಂತ ನೆರವು ಕಡಿಮೆ ಮಾಡಲ್ಲ. ಯಾರು ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಅನ್ನೋದಕ್ಕೆ ನಿನ್ನ ಮಾತು ನಡೆಯುತ್ತೆ, ಅಷ್ಟೇ.”

ಬಕೆಟ್ ಹಿಡಿದು ಹೊರಟಿದ್ದ ಕ್ಲೆಮ್ ಬಾಗಿಲಲ್ಲೇ ನಿಂತುಬಿಟ್ಟ.

“ಬೇಡಕ್ಕಾ. ನಾಳೆ ಒಂದು ರಸೀದಿ ಚೀಟಿ ಕಳೆದ್ರೆ ಸರ್ಕಾರ ಬಂದು ಬಾಗಿಲು ಬಡಿಯುತ್ತೆ. ಸುಮ್ನಿರೋಕಾಗ್ದೆ ಇರುವೆ ಬಿಟ್ಕೊಂಡ ಹಾಗೆ.”

“ಬೊಂಡಾಸ್ ಇಷ್ಟೇ ಹಿಡೀಬೇಕು ಅಂತ ಕಾನೂನಿದೆಯಲ್ಲ ಕ್ಲೆಮ್,” ಎಂದಳು ನೆರಿಡಾ. “ಇನ್‌ಸ್ಪೆಕ್ಟರ್ ಬಂದು ಬಕೆಟ್ ನೋಡ್ತಾನೆ ಅಂತ ನೀನು ಗಾಳ ಹಾಕೋದು ಬಿಟ್ಟಿದ್ದೀಯಾ?”

“ಅದ್ಯಾಕೆ ಬಿಡ್ಲಿ? ಎಣಿಸಿ ಹಾಕ್ಕೋತೀನಿ. ಅವನು ಬಂದ್ರೆ ತೋರಿಸ್ತೀನಿ.”

“ಇದೂ ಅಷ್ಟೇ ಕಣೋ.”

ಆಮೇಲೆ ನೆರಿಡಾ ನಿಧಾನವಾಗಿ ಬಿಡಿಸಿ ಹೇಳಿದಳು. ಈ ಹಣಕ್ಕೇ ಬ್ಯಾಂಕಿನಲ್ಲಿ ಬೇರೆ ಖಾತೆ ಇಡಬೇಕು, ಮನೆಖರ್ಚಿನ ಜೊತೆ ಬೆರೆಸಬಾರದು. ಯಾವುದಕ್ಕೆಂದು ಮಂಜೂರಾಗಿದೆಯೋ ಅದಕ್ಕೇ ಖರ್ಚು ಮಾಡಬೇಕು. ರಸೀದಿ ಕೈಗೆ ಬಂದ ಕೂಡಲೇ ಫೋನಿನಲ್ಲಿ ಫೋಟೋ ತೆಗೆದಿಡಬೇಕು. ಎಲ್ಲವನ್ನೂ ಒಟ್ಟಿಗೆ ತಲೆಗೆ ಕಟ್ಟಿಕೊಳ್ಳಬೇಕಾಗಿಲ್ಲ. ಮೊದಲು ಸಂಜೆಯ ಸಹಾಯದ ಪಾಲನ್ನಷ್ಟೇ ಕೇಳಿಕೊಳ್ಳಬಹುದು, ಒಗ್ಗದಿದ್ದರೆ ಹಳೆಯ ದಾರಿಗೇ ಮರಳಬಹುದು. ತಾನೇ ಒಮ್ಮೆ ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕೊಟ್ಟು, ಬೆವರುತ್ತಾ ಆಫೀಸಿಗೆ ಫೋನು ಮಾಡಿದ್ದನ್ನೂ ಹೇಳಿದಳು. ಅವರು ಬೈಯಲಿಲ್ಲವಂತೆ, ಸರಿಪಡಿಸುವ ದಾರಿ ಹೇಳಿಕೊಟ್ಟರಂತೆ.

ಹಾಗಾದರೆ ಸಂಜೆ ಬರುವ ಸಹಾಯಕಿಯ ಸಂಬಳ ತನಗೇ ಬರಲಿ ಎಂದು ಕ್ಲೆಮ್ ಮೆಲ್ಲಗೆ ಸೇರಿಸಿದ. ಮನೆಯವರಿಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ ಎಂದಳು ನೆರಿಡಾ.

ವರ್ನಾ ಸೂರು ನೋಡುತ್ತಿದ್ದಳು. “ನನ್ನ ಕೈಲಿ ಲೆಕ್ಕ ಇಡೋಕಾಗುತ್ತಾ?”

“ಶಾಲೆ ಕ್ಯಾಂಟೀನು ನಡೆಸಿದ್ದು ಯಾರು ಮತ್ತೆ?”

“ಅದು ನಿಜ,” ಎಂದ ಕ್ಲೆಮ್, ಯಾವ ಕಡೆಯವನೆಂಬುದನ್ನೇ ಮರೆತು. “ಒಡಹುಟ್ಟಿದವನು ನಾನು. ದುಡ್ಡಿಡದೆ ನನಗೂ ಒಂದು ಪೇಸ್ಟಿ ಕಡುಬು ಕೊಟ್ಟವಳಲ್ಲ ಇವಳು.”

ಹೇಳಿದ ಮೇಲೆ ತಲೆ ಕೆರೆದುಕೊಂಡ. ವರ್ನಾ ಮರುದಿನವೇ ಆಫೀಸಿಗೆ ಫೋನು ಮಾಡಿದಳು.

ಬೇಸಿಗೆ ಮುಗಿಯುವುದರೊಳಗೆ ಒಪ್ಪಿಗೆ ಬಂತು. ವರ್ನಾ ಆರಿಸಿಕೊಂಡದ್ದು ಬ್ರಿಯೋನಿಯನ್ನು. ಹಗಲು ಗಾಳದ ಅಂಗಡಿ ನೋಡಿಕೊಳ್ಳುವವಳು, ಹಿಂದೆ ವೃದ್ಧಾಶ್ರಮದಲ್ಲಿ ದುಡಿದವಳು, ತಡವಾಗಿ ಮಲಗುವ ರೂಢಿಯವಳು. ಮೊದಲ ಸಂಜೆ ಅವಳು ಹಾಸಿಗೆಯ ಕಡೆ ತಿರುಗಿಯೂ ನೋಡದೆ ಕುರ್ಚಿಯನ್ನು ಜೆಟ್ಟಿಯತ್ತ ತಳ್ಳಿದಳು. ಅಂಚಿನ ಕಂಬಿಬೇಲಿಯ ಪಕ್ಕ ನಿಲ್ಲಿಸಿ, ಬ್ರೇಕ್ ಹಾಕಿದಳು.

“ಮನೆಗೆ ಎಷ್ಟು ಹೊತ್ತಿಗೆ ಹೋಗೋಣ?”

ಹಾಗೆ ತನ್ನನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ವರ್ನಾ ಗಾಳವನ್ನು ನೀರಿಗಿಳಿಸಿದಳು.

“ನಿದ್ದೆ ಬಂದಾಗ ಹೇಳ್ತೀನಿ,” ಎಂದಳು.

ನೆರವಿನ ಹಣ ಪಡೆಯುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ‘ನೀವೇ ನೋಡಿಕೊಳ್ಳುತ್ತೀರಾ?’ ಎಂದು ನಿಮ್ಮನ್ನೂ ಒಂದು ದಿನ ಕೇಳುತ್ತಾರೆ. ಭಯಕ್ಕೆ ‘ಆಗಲ್ಲ’ ಎಂದುಬಿಡಬೇಡಿ. ಏನನ್ನು ನೋಡಿಕೊಳ್ಳಬೇಕು ಎಂದು ತಿರುಗಿ ಕೇಳಿ. ಆಗಲೇ ಮಾಡುತ್ತಿರುವವರ ಹತ್ತಿರ ಕೂತು ಮಾತಾಡಿ, ಸ್ವಲ್ಪದರಿಂದ ಶುರು ಮಾಡಿ. ನೀವೇ ನೋಡಿಕೊಳ್ಳುವುದೆಂದರೆ ಒಬ್ಬರೇ ಒದ್ದಾಡುವುದಲ್ಲ. ನಿಮ್ಮ ಸಂಜೆ ನಿಮ್ಮದೇ.

ಅತ್ತ ಜೆಟ್ಟಿಯ ಮೇಲೆ ದೀಪ ಹತ್ತಿಕೊಳ್ಳುವಾಗ ವರ್ನಾಳ ದಾರ ಬಿಗಿಯಿತು. ಅವಳು ಎಳೆದಳು, ಬೊಂಡಾಸ್ ಮೇಲೆ ಬಂತು, ಬರುತ್ತಲೇ ಪಕ್ಕದಲ್ಲಿ ಗಾಳ ಹಿಡಿದು ನಿಂತಿದ್ದ ಕ್ಲೆಮ್‌ನ ಒಗೆದ ಅಂಗಿಯ ತುಂಬ ಕಪ್ಪು ಶಾಯಿ ಉಗಿಯಿತು.