ಎಡಹುರಿ

ನಕ್ಷೆಯ ಬಲಗಡೆ, ಕೆಳಮೂಲೆಯಲ್ಲಿ ಒಂದು ಚೌಕ ಇರುತ್ತದೆ. ಕುಲುಮೆಯನ್ನು ರೂಪಿಸಿದವರ ಹೆಸರು ಬರೆಯುವುದು ಅಲ್ಲೇ. ಹಫೀಜಾಗೆ ಇದನ್ನು ಕಲಿಸಿದವನು ಕೊಂಡಪ್ಪನೇ. ಈಗ ಅವಳು ಅದೇ ಚೌಕದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು. ಬೆಂಗಳೂರಿನಿಂದ ಬೆಳಗ್ಗೆ ತಾನೇ ಬಂದ ಪ್ರಿಂಟು, ಅಮೋನಿಯಾದ ಘಾಟು ಇನ್ನೂ ಹೋಗಿರಲಿಲ್ಲ. ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಗೆ ಕಾಣುತ್ತದೆಂದು ಅವಳಿಗೆ ಗೊತ್ತು: ಒಂದೇ ಮೆಟ್ಟಿಲಿನ ಏಣಿಯಂಥ ಅಕ್ಷರದಿಂದ ಅದು ಶುರುವಾಗಬೇಕು. ಇಲ್ಲಿದ್ದ ಹೆಸರಿನಲ್ಲೂ ಏಣಿ ಇತ್ತು, ಆದರೆ ಕೊನೆಯಲ್ಲೆಲ್ಲೋ ಸಿಕ್ಕಿಕೊಂಡಿತ್ತು. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆದಿಲಕ್ಷ್ಮಿ. ಕೊಂಡಪ್ಪನ ಮಗಳು.

ತಪ್ಪು ಓದಿದೆನೇನೋ ಎಂದು ಇನ್ನೊಮ್ಮೆ ಕೂಡಿಸಿದಳು. ಕೊಂಡಪ್ಪ ಶೆಡ್ಡಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಳಿ ಇಟ್ಟಿಗೆಗೆ ಅರ ಹಾಕಿ ಉಜ್ಜುತ್ತಿದ್ದ. ಉಜ್ಜುವಷ್ಟು ಏನೂ ಉಳಿದಿರದ ಇಟ್ಟಿಗೆ ಅದು.

"ಅಣ್ಣಾ, ಇಲ್ಲಿ ನನ್ನ ಹೆಸ್ರು ಬರೀತೀನಿ ಅಂದಿದ್ರಲ್ಲ?"

ಅರದ ಸದ್ದು ನಿಂತಿತು. ಅವನು ತಲೆಯೆತ್ತಲಿಲ್ಲ.

"ಅವಳಿಗೆ ಡಿಪ್ಲೊಮಾ ಐತೆ ಕಣಮ್ಮ. ಎರಡು ವರ್ಷದಿಂದ ಮನೇಲೇ ಕೂತವ್ಳೆ. ನಿನ್ನ ಕೈಯಲ್ಲಿ ಕೆಲ್ಸ ಐತೆ, ನೀನು ಎಲ್ಲೋದ್ರೂ ಬದುಕ್ತೀಯ."

ಇಷ್ಟು ಹೇಳಿ ಮತ್ತೆ ಅರ ಎತ್ತಿಕೊಂಡ. ಆರು ವರ್ಷ ಬಾಯಿ ತುಂಬ ಹಫೀಜಮ್ಮ ಹಫೀಜಮ್ಮ ಎಂದು ಕರೆದವನು ಅಂದು ಅವಳ ಹೆಸರನ್ನೇ ಎತ್ತಲಿಲ್ಲ.

ಶಿಡ್ಲಘಟ್ಟದಲ್ಲಿ ಊರಿಗೆ ಊರೇ ರೇಷ್ಮೆಯ ಹಿಂದೆ ಬಿದ್ದಿರುವಾಗ ಈ ಕೊಂಡಪ್ಪನೊಬ್ಬ ಕರೆಂಟ್ ಕುಲುಮೆ ಮಾಡುತ್ತೇನೆಂದು ಹೊರಟಿದ್ದ. ಅದು ಎಂಬತ್ತಾರನೇ ಇಸವಿ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ ತಗಡಿನ ಶೆಡ್ಡು ಹಾಕಿ, ಬೆಂಗಳೂರಿನ ಕಾರ್ಖಾನೆಯ ಕೆಲಸ ಬಿಟ್ಟು ಬಂದು ಕೂತ. ಇದರಲ್ಲಿ ಬನ್ನು ಬೇಯಿಸುತ್ತೀಯೇನಪ್ಪ ಎಂದು ನೂಲು ಬಿಚ್ಚಿಸುವ ರೀಲರುಗಳೆಲ್ಲ ಹಂಗಿಸಿ ನಕ್ಕಿದ್ದರು. ಅವನು ಮಾಡುತ್ತಿದ್ದುದು ಅಕ್ಕಿಡಬ್ಬದಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಸುತ್ತಲೂ ಬಿಳಿ ಇಟ್ಟಿಗೆ, ಇಟ್ಟಿಗೆಯಲ್ಲಿ ಸಣ್ಣ ಸಣ್ಣ ಕಾಲುವೆ, ಕಾಲುವೆಯೊಳಗೆ ಸ್ಪ್ರಿಂಗಿನಂತೆ ಸುತ್ತಿದ ನೈಕ್ರೋಮ್ ತಂತಿಯ ಕಾಯಿಲು. ಕರೆಂಟು ಹರಿದರೆ ತಂತಿ ಕೆಂಪಗೆ ಕಾದು ಪೆಟ್ಟಿಗೆಯೊಳಗೆ ಉಕ್ಕು ಹದವಾಗುವಷ್ಟು ಶಾಖ ಹುಟ್ಟುತ್ತದೆ. ಗೌರಿಬಿದನೂರಿನ ವರ್ಕ್‌ಶಾಪುಗಳವರು ಉಳಿ, ಡೈ ಹದ ಮಾಡಲು ಕೊಳ್ಳುತ್ತಿದ್ದರು; ಕಾಲೇಜಿನ ಲ್ಯಾಬುಗಳಿಗೂ ಒಂದೆರಡು ಹೋಗುತ್ತಿದ್ದವು.

ನೋಡಲು ಇಷ್ಟೇ, ಆದರೆ ಅದರ ಲೆಕ್ಕ ತಲೆ ತಿನ್ನುವಂಥದ್ದು. ತಂತಿ ಎಷ್ಟು ದಪ್ಪ, ಎಷ್ಟು ಉದ್ದ, ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ಎಷ್ಟು ಎಡೆ, ಎಲ್ಲವನ್ನೂ ಮೊದಲೇ ಯೋಚಿಸಿರಬೇಕು. ಸುತ್ತು ಸುತ್ತಿಗೆ ತಾಗಿತೋ, ಅಲ್ಲೇ ಸುಟ್ಟುಹೋಯಿತು. ಎಳೆ ಹಿಡಿದು ಪಳಗಿದ ಬೆರಳು ಬೇಕೆಂದು ಕೊಂಡಪ್ಪ ನೂಲು ಬಿಚ್ಚುವ ಮನೆಗಳಲ್ಲಿ ವಿಚಾರಿಸಿದಾಗ, ಮಾರುಕಟ್ಟೆಯಲ್ಲಿ ಗೂಡು ತೂಗುವ ಸಾದಿಕ್ ಪಾಷಾ ತನ್ನ ಹೆಂಡತಿ ಹಫೀಜಾಳನ್ನು ಕಳಿಸಿದ. ಅವಳ ಅತ್ತೆ ಖತೀಜಾ ಬೀ ಮದುವೆಯಲ್ಲಿ ತವರಿಂದ ತಂದಿದ್ದ ಹಳೆಯ ಚರಕವೂ ಅವಳ ಜೊತೆ ಶೆಡ್ಡಿಗೆ ಬಂತು. ಕೊಂಡಪ್ಪ ಅದನ್ನೇ ಬಿಚ್ಚಿ ಜೋಡಿಸಿ ತಂತಿ ಸುತ್ತುವ ಸ್ಟ್ಯಾಂಡು ಮಾಡಿದ. ಖತೀಜಾ ಬೀಯದು ಎಡಗೈ ವಾಟ. ಚರಕದ ಹಿಡಿಯೂ ಎಡಕ್ಕಿತ್ತು. ಹಾಗಾಗಿ ಆ ಶೆಡ್ಡಿನ ಕಾಯಿಲುಗಳೆಲ್ಲ ಎಡಕ್ಕೇ ಸುತ್ತಿಕೊಳ್ಳುತ್ತಿದ್ದವು.

ಹಫೀಜಾ ಏಳನೇ ಕ್ಲಾಸಿಗೆ ಬಿಟ್ಟಿದ್ದ ಶಾಲೆ ಆ ಶೆಡ್ಡಿನಲ್ಲಿ ಮತ್ತೆ ಶುರುವಾಯಿತು. ಸುಳ್ಳು ಹೇಳಬಾರದು, ಕೊಂಡಪ್ಪ ಮನಸ್ಸಿಟ್ಟು ಕಲಿಸಿದ. ಮೀಟರು ಓದುವುದು, ಗೇಜು ಹಿಡಿಯುವುದು, ಸೆಟ್‌ಸ್ಕ್ವೇರಿನಿಂದ ಗೆರೆ ಎಳೆಯುವುದು, ಕೊನೆಗೆ ಇಂಗ್ಲಿಷ್ ಅಕ್ಷರ. ಗಂಡನಿಗೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಎನ್ನುವ ಹೆಮ್ಮೆಯಲ್ಲಿ ಅವಳು ಮನೆಗೆ ಹೋಗುವಾಗ ನಡಿಗೆಯೇ ಬೇರೆಯಾಗಿರುತ್ತಿತ್ತು.

ಒಂದೇ ಒಂದು ಕಡೆ ಕೊಂಡಪ್ಪನ ಲೆಕ್ಕ ಸೋತಿತ್ತು. ಕಾಯಿಲಿನ ಎರಡು ತುದಿಗಳು ಗೋಡೆ ತೂರಿ ಹೊರಗೆ ಬರಬೇಕಲ್ಲ, ಆ ತುದಿಗೆ ಶೆಡ್ಡಿನಲ್ಲಿ ಬಾಲ ಎನ್ನುತ್ತಿದ್ದರು. ಇಟ್ಟಿಗೆಯೊಳಗೆ ಸಿಕ್ಕಿಕೊಂಡ ಬಾಲ ತನ್ನ ಶಾಖವನ್ನು ಎಲ್ಲಿಗೂ ಬಿಡಲಾಗದೆ ಬೆಂದು ತುಂಡಾಗುತ್ತಿತ್ತು. ಕೊಟ್ಟ ಕುಲುಮೆ ಎರಡು ತಿಂಗಳಿಗೆಲ್ಲ ವಾಪಸು ಬರುತ್ತಿತ್ತು. ಕೊಂಡಪ್ಪ ಶೆಡ್ಡು ಮುಚ್ಚುವ ಮಾತಾಡತೊಡಗಿದ್ದ. ಆಗ ಹಫೀಜಾ, ಗೋಡೆ ದಾಟುವಷ್ಟು ಉದ್ದಕ್ಕೆ ಇನ್ನೊಂದೆಳೆ ತಂತಿ ಸೇರಿಸಿ ಬಲ್ ಹಾಕಿ ನೋಡ್ತೀನಿ ಅಂದಳು. ಬಲ್ ಅಂದರೆ ಅವರ ಮನೆಯ ಉರ್ದುವಿನಲ್ಲಿ ಹುರಿ. ರೇಷ್ಮೆಯ ಎರಡು ಎಳೆ ಕೂಡಿಸಿ ಹೊಸೆದರೆ ಬಲ್. ಎರಡೆಳೆಯಾದರೆ ಕರೆಂಟಿಗೆ ದಾರಿ ಅಗಲ, ಬಾಲ ಕಾಯುವುದಿಲ್ಲ. ಮೊದಲ ಮೂರು ಸಲ ಹುರಿ ಬಿಚ್ಚಿಕೊಂಡಿತು. ನಾಲ್ಕನೆಯ ಸಲ ಅವಳು ಕಾಯಿಲು ಸುತ್ತಿದ ಕಡೆಗೇ, ಎಡಕ್ಕೆ, ಹೊಸೆದಳು. ಕೆಂಪಗೆ ಕಾದ ಕಾಯಿಲು ಬಿಚ್ಚಿಕೊಳ್ಳಲು ಎಳೆದಾಡಿದಷ್ಟೂ ಎಡಹುರಿ ಬಿಗಿಯುತ್ತ ಹೋಯಿತು. ಒಳಗೆಲ್ಲ ನಿಗಿನಿಗಿ ಉರಿಯುತ್ತಿದ್ದರೂ ಬಾಲ ಮಾತ್ರ ಕಪ್ಪಗೆ, ತಣ್ಣಗೆ ಕೂತಿತ್ತು.

ಆಮೇಲೆ ಒಂದೂ ಕುಲುಮೆ ವಾಪಸು ಬರಲಿಲ್ಲ. ಬಾಲಕ್ಕೆ ಬಲ್ ಹಾಕಿದ್ದೀಯೇನಮ್ಮ ಎಂದು ಕೊಂಡಪ್ಪ ಮೇಜಿನ ಕಡೆಯಿಂದ ಕೇಳುತ್ತಿದ್ದ, ಹಾಕಿದೀನಿ ಎಂದು ಇವಳು ಹೇಳುತ್ತಿದ್ದಳು. ಎದ್ದು ಬಂದು ಅವಳ ಬೆರಳು ಯಾವ ಕಡೆ ತಿರುಗುತ್ತದೆಂದು ಅವನು ಒಂದು ದಿನವೂ ನೋಡಲಿಲ್ಲ.

ತೊಂಬತ್ತೆರಡರ ಬೇಸಗೆಯಲ್ಲಿ ಕೋಲಾರದಿಂದ ಒಬ್ಬ ಅಧಿಕಾರಿ ಶೆಡ್ಡು ನೋಡಲು ಬಂದಿದ್ದ. ಚಿಂತಾಮಣಿಯಲ್ಲಿ ಹೆಂಗಸರಿಗೆ ಕೈಕೆಲಸ ಕಲಿಸುವ ಕೇಂದ್ರ ತೆರೆಯುತ್ತಿದ್ದೇವೆ, ಕಾಯಿಲು ಸುತ್ತುವುದನ್ನೂ ಸಣ್ಣ ಕುಲುಮೆ ಮಾಡುವುದನ್ನೂ ಕಲಿಸಲು ಒಬ್ಬ ಟೀಚರಮ್ಮ ಬೇಕು ಎಂದ. ಹಫೀಜಾಳ ಕೈಯನ್ನೂ ಅವಳು ಬರೆದ ಕುಲುಮೆಯ ನಕ್ಷೆಯನ್ನೂ ನೋಡಿ ಬೆರಗಾದ. ಸರ್ಟಿಫಿಕೇಟ್ ಇಲ್ಲದಿದ್ದರೂ ಪರವಾಗಿಲ್ಲ, ಈ ನಕ್ಷೆ ಇವರದೇ ಅಂತ ಹೆಸರು ಹಾಕಿ ಕಳಿಸಿ, ಅದನ್ನೇ ಸರ್ಟಿಫಿಕೇಟ್ ಅಂದುಕೊಳ್ತೀನಿ ಎಂದು ಹೇಳಿ ಕಾಫಿ ಕುಡಿದು ಹೋದ. ಚೌಕದಲ್ಲಿ ನಿನ್ನ ಹೆಸರೇ ಬರೆಯುತ್ತೇನೆ ಎಂದು ಕೊಂಡಪ್ಪ ಅಂದೇ ಮಾತು ಕೊಟ್ಟ.

ಆ ಮಾತನ್ನು ನಂಬಿ ಮನೆಯಲ್ಲಿ ಏನೇನೋ ನಡೆದುಹೋಗಿತ್ತು. ಸಾದಿಕ್ ಚಿಂತಾಮಣಿಯ ಮೊದಲ ಬಸ್ಸು ಏಳೂಕಾಲಕ್ಕೆ ಎಂದು ವಿಚಾರಿಸಿಕೊಂಡು ಬಂದಿದ್ದ. ಖತೀಜಾ ಬೀ ಸೊಸೆಗೆ ಹೊಸ ಬುರ್ಖಾ ಹೊಲಿಸಿ, ನಮ್ಮ ಹಫೀಜಾ ಟೀಚರ್ ಆಗ್ತಾಳೆಂದು ಬೀದಿಗೆಲ್ಲ ಸಾರಿದ್ದಳು. ಈಗ ಪ್ರಿಂಟಿನ ಮುಂದೆ ನಿಂತ ಹಫೀಜಾಗೆ ಮೊದಲು ಆದದ್ದು ನಾಚಿಕೆ. ಕಳ್ಳತನ ಮಾಡಿದವನು ಅವನು, ತಲೆ ತಗ್ಗಿಸಿಕೊಂಡು ಬೀದಿಯಲ್ಲಿ ನಡೆಯಬೇಕಾದವಳು ತಾನು. ಸಿಟ್ಟು ಬಂದದ್ದು ಆಮೇಲೆ.

ಆ ಹುಡುಗಿಯ ಮೇಲೆ ಅವಳಿಗೆ ಅಷ್ಟು ಸಿಟ್ಟಿರಲಿಲ್ಲ. ಅಪ್ಪ ಹೇಳಿದಂತೆ ಟ್ರೇಸಿಂಗ್ ಹಾಳೆ ಹಾಸಿ ಹಫೀಜಾಳ ಗೆರೆಗಳ ಮೇಲೇ ಗೆರೆ ಎಳೆದಿದ್ದಳು ಆದಿಲಕ್ಷ್ಮಿ. ಅಂದಿನಿಂದ ಶೆಡ್ಡಿಗೆ ಬಂದಾಗ ಇವಳ ಮುಖ ನೋಡುತ್ತಿರಲಿಲ್ಲ; ಯಾಕೆಂದು ಹಫೀಜಾಗೆ ಈಗ ತಿಳಿಯಿತು. ಆದರೆ ಕೊಂಡಪ್ಪ? ಬೆರಳು ಹಿಡಿದು ಅಕ್ಷರ ಕಲಿಸಿದವನೇ ಕತ್ತು ಕೊಯ್ದನಲ್ಲ. ಅಕ್ಷರ ಕಲಿಸದೆ ಇದ್ದಿದ್ದರೆ ಇಂದು ಆ ಚೌಕ ಅವಳ ಕಣ್ಣಿಗೇ ಬೀಳುತ್ತಿರಲಿಲ್ಲ.

ಅವಳು ಮರುದಿನದಿಂದ ಹೋಗಲಿಲ್ಲ. ಅತ್ತೆಯ ಚರಕ ತರಲೆಂದು ಸಾದಿಕ್ ಹೋದರೆ, ಆ ಸ್ಟ್ಯಾಂಡು ಆಗಲೇ ಚಿಂತಾಮಣಿಗೆ ಹೋಯಿತು, ಅಲ್ಲಿನ ಹೆಣ್ಮಕ್ಳು ಅದರಲ್ಲೇ ಕಲೀತಾರೆ ಎಂದನಂತೆ ಕೊಂಡಪ್ಪ. ತನ್ನ ತವರಿನ ಚರಕ ಹೋದದ್ದು ಕೇಳಿ ಖತೀಜಾ ಬೀ ಮೂರು ದಿನ ಒಲೆಯ ಹತ್ತಿರ ಹೋಗಲಿಲ್ಲ. ಹಫೀಜಾ ಮತ್ತೆ ಗೂಡು ಬೇಯಿಸಿ ಎಳೆ ತೆಗೆಯುವ ಕುದಿನೀರಿನ ಬಾನಿಯ ಮುಂದೆ ಕೂತಳು. ಆರು ವರ್ಷದಲ್ಲಿ ಮೆತ್ತಗಾಗಿದ್ದ ಬೆರಳ ತುದಿ ವಾರದಲ್ಲಿ ಬೆಂದು ಬೆಳ್ಳಗಾಯಿತು. ಹೊಸ ಬುರ್ಖಾ ಟ್ರಂಕಿನ ತಳ ಸೇರಿತು.

ನಾಲ್ಕು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಕೊಂಡಪ್ಪ ಬಾಗಿಲಲ್ಲಿ ನಿಂತಿದ್ದ. ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲ ಹತ್ತಿರವೇ ತಡೆದ. ಖತೀಜಾ ಬೀ ಗೂಡಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಹಫೀಜಾ ಏಳಲೂ ಇಲ್ಲ, ಕೂರಿ ಎನ್ನಲೂ ಇಲ್ಲ.

ಅವನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಗೇಣುದ್ದದ ಸುಟ್ಟ ಬಾಲ. ಕೇಂದ್ರದಲ್ಲಿ ಮಗಳು ಕಲಿಸಿ ಮಾಡಿಸಿದ ಐದು ಕುಲುಮೆಗಳದೂ ಹೀಗೇ ಆಗಿದೆ, ಗೋಡೆಯೊಳಗೇ ತುಂಡಾಗುತ್ತಿದೆ, ಆದಿಲಕ್ಷ್ಮಿ ಊಟ ಬಿಟ್ಟಿದ್ದಾಳೆ, ಬರುವ ವಾರ ಕೋಲಾರದವರು ನೋಡಲು ಬರುತ್ತಾರೆ ಎಂದು ಒಂದೇ ಸಮನೆ ಹೇಳಿಕೊಂಡ. ಲೆಕ್ಕದಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ, ನಕ್ಷೆಯಲ್ಲಿ ಇದ್ದಂತೆಯೇ ಮಾಡಿದ್ದೇವೆ ಎಂದ.

ಹಫೀಜಾ ಬಾಲವನ್ನು ಕೈಗೆ ತೆಗೆದುಕೊಂಡಳು. ಬೆರಳಿಗೆ ಸೋಕಿದ ಕೂಡಲೇ ಗೊತ್ತಾಯಿತು, ನೋಡುವುದೂ ಬೇಕಿರಲಿಲ್ಲ. ಹುರಿ ಬಲಕ್ಕಿತ್ತು. ಎಡಗೈ ಚರಕದಲ್ಲಿ ಎಡಕ್ಕೆ ಸುತ್ತಿದ ಕಾಯಿಲಿಗೆ ಬಲಹುರಿ ಹಾಕಿ ಕೂತಿದ್ದರು ಅಪ್ಪ ಮಗಳು.

ಅವಳ ಮನಸ್ಸು ಒಂದು ಗಳಿಗೆ ಕರಗಿದ್ದು ನಿಜ. ಊಟ ಬಿಟ್ಟ ಹುಡುಗಿಯ ಮುಖ ಕಣ್ಣಿಗೆ ಬಂತು. ನಾಲಗೆಯ ತುದಿಯವರೆಗೆ ಬಂದ ಮಾತನ್ನು ತಡೆದು ಅವಳು ಬೇರೆಯೇ ಕೇಳಿದಳು.

"ಚೌಕದಲ್ಲಿ ಯಾರ ಹೆಸ್ರೈತೆ ಅಣ್ಣಾ, ಈಗ?"

ಕೊಂಡಪ್ಪ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತ. "ಅದು ಆಗೋಯ್ತಲ್ಲಮ್ಮ. ಈಗ ಅದನ್ನ ಮುಟ್ಟಿದ್ರೆ ಮಗೂದು ಕೆಲ್ಸ ಹೋಗ್ತದೆ. ನೀನು ದೊಡ್ಡ ಮನ್ಸು ಮಾಡ್ಬೇಕು."

ದೊಡ್ಡ ಮನಸ್ಸು. ಅವನ ಮಗಳಿಗೆ ಕೆಲಸ, ಇವಳಿಗೆ ದೊಡ್ಡ ಮನಸ್ಸು. ಪಾಲು ಹಂಚಿದವನೂ ಅವನೇ. ಹಫೀಜಾ ಬಾಲವನ್ನು ಕಾಗದದ ಮೇಲಿಟ್ಟು ಅವನ ಕಡೆ ಸರಿಸಿದಳು.

"ನಂಗೆ ಒಂದೇ ಅನುಮಾನ," ಎಂದ ಕೊಂಡಪ್ಪ. "ನಿನ್ನ ನಕ್ಷೇಲಿ ಹುರಿ ಯಾವ ಕಡೆಗೆ ಅಂತ ಇರ್ಲಿಲ್ಲ. ಮಗು ಕೇಳ್ದಾಗ ನಾನೇ ಹೇಳ್ದೆ, ಬಲಕ್ಕೆ ಹಾಕ್ತಾಳೆ ಅಂತ. ಹಂಗಂತಾನೇ ನಕ್ಷೇಲೂ ಬರೆದವ್ಳೆ. ನೀನು ಯಾವಾಗ್ಲೂ ಬಲ, ಬಲ ಅಂತಿದ್ದೆ. ಅಲ್ವಾ?"

ಹಫೀಜಾ ಅವನ ಮುಖ ನೋಡಿದಳು. ಆರು ವರ್ಷ ಒಂದೇ ಸೂರಿನ ಕೆಳಗೆ ಕೂತು, ಅವಳ ಮನೆಯ ಮಾತನ್ನು, ಹುರಿ ಎನ್ನುವ ಆ ಬಲ್ ಅನ್ನು, ಅವನು ಕೇಳಿಸಿಕೊಂಡದ್ದು ಹೀಗೆ. ಏನಮ್ಮ ಹಾಗೆಂದರೆ ಎಂದು ಒಂದು ಸಲ ಕೇಳಿದ್ದರೆ ಸಾಕಿತ್ತು. ಮೇಜಿನಿಂದ ಎದ್ದು ಬಂದು ಒಂದು ಸಲ ನೋಡಿದ್ದರೂ ಸಾಕಿತ್ತು. ಹೆಸರು ಕದ್ದದ್ದಕ್ಕಿಂತ ಇದೇ ಅವಳಿಗೆ ಹೆಚ್ಚು ಉರಿಯಿತು. ಒಳಗಿನ ಕೋಣೆಯಲ್ಲಿ ಖತೀಜಾ ಬೀ ಗೂಡು ಆರಿಸುವ ಸದ್ದು ನಿಂತಿತ್ತು.

"ಹೌದು ಅಣ್ಣಾ," ಎಂದಳು. "ಬಲ್. ಆರು ವರ್ಷಾನೂ ನಾನು ಅಂದಿದ್ದು ಅದನ್ನೇ."

ಕೊಂಡಪ್ಪನ ಮುಖ ಅರಳಿತು. ಹಾಗಾದರೆ ಹುಡುಗಿಯ ಕೈಯಲ್ಲೇ ಬಿಗಿ ಸಾಲದು, ಇನ್ನೂ ಬಿಗಿಯಾಗಿ ಹೊಸೆಯಬೇಕು, ನಾಳೆ ನಾನೇ ಹೋಗಿ ಹಾಕಿಕೊಡುತ್ತೇನೆ ಎಂದ. ಪೊಟ್ಟಣ ಮಡಿಸಿ ಜೇಬಿಗಿಟ್ಟುಕೊಂಡ. ನಿನ್ನ ಋಣ ಮರೆಯಲ್ಲ ಎಂದೂ ಹೇಳಿದ. ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದ.

ಹಫೀಜಾ ಬಾಗಿಲಿಗೆ ಬಂದು ನಿಂತಳು. ಬೀದಿ ನೆಟ್ಟಗಿತ್ತು, ಕೂಗಿದರೆ ಕೇಳಿಸುವಷ್ಟು ದೂರದಲ್ಲೇ ಅವನು ಹೋಗುತ್ತಿದ್ದ. ನಡೆಯುತ್ತಲೇ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಹೆಬ್ಬೆರಳು ತೋರುಬೆರಳು ಕೂಡಿಸಿ, ಇಲ್ಲದ ತಂತಿಯೊಂದನ್ನು ಹೊಸೆದು ನೋಡುತ್ತಿದ್ದ. ಬಲಕ್ಕೆ, ಮತ್ತೆ ಬಲಕ್ಕೆ, ಇನ್ನೂ ಬಿಗಿಯಾಗಿ. ಅವನು ಮೂಲೆಯಲ್ಲಿ ಮಾರುಕಟ್ಟೆಯ ಕಡೆ ತಿರುಗುವವರೆಗೂ ಅವಳು ನೋಡಿದಳು. ಆಮೇಲೆ ಒಳಗೆ ಬಂದು, ಬೆಳ್ಳಗೆ ಬೆಂದ ಬೆರಳುಗಳನ್ನು ಮತ್ತೆ ಬಾನಿಯ ಕುದಿನೀರಿಗೆ ಇಳಿಸಿ, ತಪ್ಪಿಹೋಗಿದ್ದ ಎಳೆಯನ್ನು ಹುಡುಕತೊಡಗಿದಳು.