ಇಂಡಿಸ್ಪೆನ್ಸಬಲ್ ಬಣ್ಣದಕ್ಕ

ಆ ಕಟ್ಟುಹಲ್ಲಿನ ಲ್ಯಾಬಿನಲ್ಲಿ ದಿನ ಶುರುವಾಗುತ್ತಿದ್ದದ್ದು ಕೆಲಸದಿಂದಲ್ಲ, ಒಂದು ಇಂಗ್ಲಿಷ್ ಪದದಿಂದ. ಮಾಲೀಕ ಬಂದವನೇ ಗೋಡೆಯ ಬಿಳಿ ಬೋರ್ಡಿನ ಮೇಲೆ ಪದವೊಂದನ್ನು ಬರೆದು, ಕೆಳಗೆ ಗೆರೆ ಎಳೆದು, ಗಂಟಲು ಸರಿಮಾಡಿಕೊಂಡು ಅರ್ಥ ಹೇಳುವನು. ಆ ಪದವನ್ನು ಎಲ್ಲರೂ ವಾಕ್ಯದಲ್ಲಿ ಬಳಸಿ ಅವನಿಗೆ ಒಪ್ಪಿಸಬೇಕು. ಅವನಿಗಾದರೂ ಬರುತ್ತಿದ್ದ ಇಂಗ್ಲಿಷ್ ಎಷ್ಟು? ಮೊಬೈಲು ಅವತ್ತು ಕಲಿಸಿದಷ್ಟು. ಎದುರಿಗೆ ಸಾರ್ ಸಾರ್ ಎನ್ನುತ್ತಿದ್ದವರೆಲ್ಲ ಬೆನ್ನ ಹಿಂದೆ ಅವನನ್ನು ನಿಘಂಟು ಎನ್ನುತ್ತಿದ್ದರು.

ಆ ಹೆಸರಿಟ್ಟವಳು ಬಣ್ಣದಕ್ಕ. ಹಲ್ಲಿಗೆ ಬಣ್ಣ ಹೊಂದಿಸುವುದು ಅವಳ ಕೆಲಸ. ಗಿರಾಕಿಯನ್ನು ಕಿಟಕಿಯ ಪಕ್ಕ ಕೂರಿಸಿ, ತುಟಿಯ ರಂಗು ಒರೆಸಲು ಹೇಳಿ, ಬಗೆಬಗೆಯ ಬಿಳುಪಿನ ಮಾದರಿ ಹಲ್ಲುಗಳನ್ನು ಪೋಣಿಸಿದ ಪಟ್ಟಿಯನ್ನು ಬಾಯಿಯ ಹತ್ತಿರ ಹಿಡಿದು ನೋಡುವಳು. ಅದೂ ಬೆಳಗಿನ ಬೆಳಕಿನಲ್ಲಿ ಮಾತ್ರ. ಟ್ಯೂಬ್‌ಲೈಟಿನಡಿ ಹೊಂದಿಸಿದ ಹಲ್ಲು ಬೀದಿಗೆ ಬಂದರೆ ಪಕ್ಕದ ಮನೆಯವರ ಬಾಯಿಂದ ಕಡ ತಂದ ಹಾಗೆ ಕಾಣುತ್ತದೆ ಎಂದು ಅವಳು ಹೇಳುತ್ತಿದ್ದಳು. ಲ್ಯಾಬಿನಲ್ಲಿ ತನ್ನನ್ನು ಬಿಟ್ಟರೆ ಕಣ್ಣಿರುವವರು ಯಾರೂ ಇಲ್ಲ ಎಂಬುದು ಅವಳ ದೃಢವಾದ ನಂಬಿಕೆ. ಅಲ್ಲಿನ ಒಬ್ಬೊಬ್ಬರನ್ನೂ ಅವಳು ಮನಸ್ಸಿನಲ್ಲೇ ಕಾಲ ಕಸ ಮಾಡಿಟ್ಟಿದ್ದಳು.

ಆ ಸೋಮವಾರದ ಪದ ಇಂಡಿಸ್ಪೆನ್ಸಬಲ್.

"ಅಂದ್ರೆ, ಯಾರಿಲ್ದಿದ್ರೆ ಕೆಲಸ ನಡೆಯೋದೇ ಇಲ್ವೋ ಅವ್ರು," ಎಂದ ನಿಘಂಟು. "ಪ್ರಯೋಗ ಕೇಳಿ. ನೋಬಡಿ ಈಸ್ ಇಂಡಿಸ್ಪೆನ್ಸಬಲ್! ಅರ್ಥ ಆಯ್ತಲ್ಲ? ಯಾರಿಲ್ದಿದ್ರೂ ನಡೆಯುತ್ತೆ."

ಹೇಳುವಾಗ ಅವನು ನೋಡಿದ್ದು ಬಣ್ಣದಕ್ಕನನ್ನು. ಬಣ್ಣದ ವಿಭಾಗಕ್ಕೆ ತನ್ನನ್ನು ಮುಖ್ಯಸ್ಥೆ ಮಾಡಿ ಎಂದು ಅವಳು ಬಾಯಿಬಿಟ್ಟು ಕೇಳಿದ್ದಳು. ಅವನು ಆ ಕುರ್ಚಿಯಲ್ಲಿ ತನ್ನ ಬಾಮೈದನನ್ನು ಕೂರಿಸಿದ್ದ. ಹಳದಿಗೂ ಬಿಳಿಗೂ ಏನಪ್ಪಾ ವ್ಯತ್ಯಾಸ ಎಂದರೆ ಎರಡೂ ಬಣ್ಣವೇ ಅಲ್ವಾ ಎನ್ನುವ ಪುಣ್ಯಾತ್ಮ ಅವನು. ಕುರ್ಚಿ ತಿರುಗುತ್ತದೆ ಎಂಬುದೊಂದನ್ನು ಮಾತ್ರ ಬಂದ ದಿನವೇ ಕಂಡುಹಿಡಿದಿದ್ದ.

ಬಣ್ಣದಕ್ಕ ಮೂಗು ಮುರಿದು ಕೆಲಸಕ್ಕೆ ಕೂತಳು. ಆ ಪದಕ್ಕೆ ಅವಳು ವಾಕ್ಯ ಒಪ್ಪಿಸಲಿಲ್ಲ.

ಅವತ್ತೇ ಊರಿಂದ ಅಪ್ಪನ ಫೋನು ಬಂತು. ಅಪ್ಪನ ಒಂದು ಕಣ್ಣು ಹಿಂದೆಯೇ ಹೋಗಿತ್ತು. ಉಳಿದ ಕಣ್ಣಿಗೂ ಪೊರೆ ಬಲಿತು, ಗುರುವಾರ ಆಪರೇಷನ್ ಎಂದು ನಿಗದಿಯಾಗಿತ್ತು. ತಡಮಾಡಿದರೆ ಇದೂ ಕೈಕೊಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಜನ್ಮದಲ್ಲಿ ಯಾವುದಕ್ಕೂ ಹೆದರದ ಅಪ್ಪ ಕಣ್ಣಿನ ಹತ್ತಿರ ಕತ್ತರಿ ಎಂದೊಡನೆ ಮಗುವಾಗಿಬಿಟ್ಟಿದ್ದ.

"ನೀನು ಬಾ. ಬಾಗಿಲ ತನಕ ಕೈ ಹಿಡ್ಕೊಂಡಿರು, ಸಾಕು," ಎಂದ. "ನೀನಿಲ್ದೆ ಆಗಲ್ಲ ಮಗಳೇ."

"ಬರ್ತೀನಪ್ಪಾ, ಬರ್ದೇ ಇರ್ತೀನಾ?" ಎಂದಳು.

ಬುಧವಾರ ರಜೆ ಕೇಳಲು ಹೋದರೆ ನಿಘಂಟು ಎದೆ ಹಿಡಿದುಕೊಂಡ. ಟಿವಿಯಲ್ಲಿ ವಾರ್ತೆ ಓದುವಾಕೆ ಮಾರನೆಯ ದಿನ ಮುಂದಿನ ಹಲ್ಲಿನ ಬಣ್ಣ ಹೊಂದಿಸಿಕೊಳ್ಳಲು ಬರುವವಳಿದ್ದಳು. ನಿಘಂಟು ಎಲ್ಲರನ್ನೂ ಕರೆದು, ಬಣ್ಣದಕ್ಕನನ್ನು ನಡುವೆ ನಿಲ್ಲಿಸಿದ.

"ನೀನಿಲ್ದೆ ನಾಳೆ ಯಾರಮ್ಮ ಮಾಡ್ತಾರೆ? ಯು ಆರ್ ಇಂಡಿಸ್ಪೆನ್ಸಬಲ್! ನೋಡ್ರಪ್ಪಾ, ಇದಕ್ಕಿಂತ ಒಳ್ಳೇ ಪ್ರಯೋಗ ಸಿಗಲ್ಲ. ಚಪ್ಪಾಳೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಮೈದನೂ ಕುರ್ಚಿಯನ್ನು ಅತ್ತಿತ್ತ ತಿರುಗಿಸುತ್ತಲೇ ತಟ್ಟಿದ. ಸೋಮವಾರ ಯಾರೂ ಅಲ್ಲ ಎಂದ ಬಾಯಿ ಬುಧವಾರ ನೀನೇ ಎನ್ನುತ್ತಿದೆ, ಇವನ ನಾಲಿಗೆಗೆ ಮೂಳೆ ಇಲ್ಲವಲ್ಲ ಎಂದು ಹೇಳಬೇಕಿತ್ತು ಬಣ್ಣದಕ್ಕ. ಬದಲಿಗೆ ಉಬ್ಬಿಹೋದಳು. ಯಾರನ್ನು ಮೂರು ಕಾಸಿಗೂ ಬೆಲೆಯಿಲ್ಲದವನು ಎಂದುಕೊಂಡಿದ್ದಳೋ ಅವನ ಬಾಯಿಂದ ಬಂದ ಒಂದೇ ಒಂದು ಪದ ಅವಳನ್ನು ಅಟ್ಟಕ್ಕೇರಿಸಿತು. ಹೊರಗೆ ಬಂದು ಊರಲ್ಲಿದ್ದ ತಮ್ಮನಿಗೆ ಫೋನು ಮಾಡಿದಳು.

"ನೀನೇ ಅಪ್ಪನ್ನ ಕರ್ಕೊಂಡ್ ಹೋಗೋ. ಇಲ್ಲಿ ನಾನಿಲ್ದೆ ನಡೆಯಲ್ಲ."

ಗುರುವಾರ ಬೆಳಗ್ಗೆಯೇ ಕಿಟಕಿಯ ಗಾಜು ಒರೆಸಿ ಕಾದಳು. ವಾರ್ತೆಯಾಕೆ ಬರಲಿಲ್ಲ. ಬಿಸಿಲು ಗೋಡೆ ಹತ್ತಿ ಇಳಿದು ಹೋಯಿತು. ದೀಪ ಹಾಕುವ ಹೊತ್ತಿಗೆ ಮೊಬೈಲಿಗೆ ಕಿವಿ ಅಂಟಿಸಿಕೊಂಡೇ ಬಂದಳು ಮಹಾರಾಯ್ತಿ. ಕಿಟಕಿಯ ಹತ್ತಿರ ಕೂರಲಿಲ್ಲ, ತುಟಿ ಒರೆಸಲು ಒಪ್ಪಲಿಲ್ಲ. ಬಾಮೈದ ಮೇಜಿನ ಮೇಲಿದ್ದ ಪಟ್ಟಿ ಎತ್ತಿ ಅವಳ ಮುಂದೆ ಹಿಡಿದ. ಎಲ್ಲಕ್ಕಿಂತ ಬೆಳ್ಳಗಿದ್ದುದರ ಮೇಲೆ ಅವಳು ಉಗುರಿಟ್ಟು, "ಇದೇ ಇರ್ಲಿ," ಎಂದು ಮತ್ತೆ ಫೋನಿಗೆ ಮರಳಿದಳು. ತರಿಸಿದ ಟೀ ಆರುವ ಮೊದಲೇ ಹೊರಟೂಹೋದಳು. ಬಣ್ಣದಕ್ಕನನ್ನು ಯಾರೂ ಏನೂ ಕೇಳಲಿಲ್ಲ.

"ನೋಡಿದ್ಯಾ, ಎಷ್ಟು ಸಲೀಸು!" ಎಂದು ನಿಘಂಟು ಬಾಮೈದನ ಬೆನ್ನು ತಟ್ಟಿದ.

ಆಗ ತಮ್ಮನ ಫೋನು ಬಂತು. "ಅಕ್ಕಾ, ಅಪ್ಪ ಆಸ್ಪತ್ರೆ ಬಾಗಿಲ ತನಕ ಬಂದು ವಾಪಸ್ ಹೊರಟುಬಿಟ್ರು. ಯಾರು ಹೇಳಿದ್ರೂ ಕೇಳ್ಲಿಲ್ಲ. ಡಾಕ್ಟ್ರು ಬೈದು, ಶನಿವಾರ ಕೊನೇ ಸಲ ಕರ್ಕೊಂಡ್ ಬನ್ನಿ ಅಂದಿದಾರೆ. ತಗೋ, ಮಾತಾಡು."

"ಯಾಕಪ್ಪಾ ಹೀಗ್ಮಾಡ್ದೆ?" ಎಂದಳು.

"ನೀನಿಲ್ದೆ ಆಗಲ್ಲ ಅಂದಿದ್ನಲ್ಲಮ್ಮ," ಎಂದ ಅಪ್ಪ. ಧ್ವನಿಯಲ್ಲಿ ಕೋಪವಿರಲಿಲ್ಲ, ನಾಚಿಕೆಯಿತ್ತು. "ಸುಮ್ನೆ ಬಾಯಿಮಾತಿಗೆ ಅಂದೆ ಅಂದ್ಕೊಂಡ್ಯಾ?"

ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ನಿಘಂಟಿನ ಮೇಲೆ ಇಷ್ಟು ವರ್ಷ ಸುರಿದಿದ್ದ ತಾತ್ಸಾರವೆಲ್ಲ ತಿರುಗಿ ಅವಳ ಮೇಲೇ ಬಂದು ಬಿತ್ತು. ಆ ಪದದ ಅರ್ಥವನ್ನು ಸೋಮವಾರವೇ ಅಪ್ಪ ಅಚ್ಚಕನ್ನಡದಲ್ಲಿ ಹೇಳಿದ್ದ. ಅವಳು ಬುಧವಾರದ ಚಪ್ಪಾಳೆಗೆ ಕಿವಿ ಕೊಟ್ಟಿದ್ದಳು.

ಶುಕ್ರವಾರ ನಿಘಂಟು ಬೋರ್ಡಿನ ಮೇಲೆ ಹೊಸ ಪದ ಬರೆಯುತ್ತಿದ್ದ. ಬಣ್ಣದಕ್ಕ ಹೆಗಲಿಗೆ ಚೀಲ ಹಾಕಿಕೊಂಡೇ ಒಳಗೆ ಬಂದಳು.

"ಆ ಇಂಡಿಸ್ಪೆನ್ಸಬಲ್‌ಗೆ ನಿನ್ನ ವಾಕ್ಯ ಬಾಕಿ ಇದೆಯಲ್ಲಮ್ಮ," ಎಂದ ಅವನು, ತಿರುಗಿ ನೋಡದೆ.

"ತಗೊಳ್ಳಿ ಸಾರ್. ಇಲ್ಲಿ ನಾನು ಇಂಡಿಸ್ಪೆನ್ಸಬಲ್ ಅಲ್ಲ, ನಿನ್ನೆ ಕಣ್ಣಾರೆ ನೋಡ್ದೆ. ನಮ್ಮಪ್ಪನಿಗೆ ಹೌದು. ನಾನು ಊರಿಗೆ ಹೊರಟೆ."

ಮಾದರಿ ಹಲ್ಲಿನ ಪಟ್ಟಿಯನ್ನು ಬಾಮೈದನ ಮಡಿಲಿಗೆ ಹಾಕಿದಳು. ಕುರ್ಚಿ ತಿರುಗುವುದು ನಿಂತಿತು.

"ರಜೆ ಯಾರು ಕೊಟ್ರು?"

"ಯಾರೂ ಕೊಟ್ಟಿಲ್ಲ ಸಾರ್. ಈ ಸಲ ಕೇಳಿದ್ರೆ ತಾನೇ?"

ಅವಳು ಮೆಟ್ಟಿಲಿಳಿಯುವಾಗ ಹಿಂದಿನಿಂದ ನಿಘಂಟಿನ ಕೂಗು ಕೇಳಿಸಿತು: "ವಾಕ್ಯ ಪೂರ್ತಿ ಇಂಗ್ಲಿಷಲ್ಲೇ ಇರ್ಬೇಕು!"

ಶನಿವಾರ ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪ ಎರಡೂ ಕೈಯಿಂದ ಅಂಚನ್ನು ಬಿಗಿಯಾಗಿ ಹಿಡಿದು ಕೂತಿದ್ದ. ಅವಳು ಎದುರಿಗೆ ನಿಂತರೂ ಅವನಿಗೆ ಗುರುತು ಹತ್ತಲಿಲ್ಲ.

"ಯಾರು?"

"ನಾನಪ್ಪಾ."

ಅಪ್ಪ ಬೆಂಚಿನ ಅಂಚು ಬಿಟ್ಟು ಅವಳ ಕೈಗಾಗಿ ತಡಕಾಡಿ ಹಿಡಿದುಕೊಂಡ.

"ಬಂದ್ಯಾ? ನಡಿ ಹಾಗಾದ್ರೆ," ಎಂದು ತಾನೇ ಎದ್ದ.