ಮೂವತ್ತು ದಿನದ ಪ್ರಶ್ನೆ

ಲಿವರ್ ಕಾಯಿಲೆಯ ಸಮೀಕ್ಷೆಗೆಂದು ಕರೋಶಿ ಹಳ್ಳಿಗೆ ಬಂದಿದ್ದ ಸಪನಾಳಿಗೆ ಅದು ಆ ದಿನದ ನಾಲ್ಕನೆಯ ಮನೆ. ದಾದಾಸಾಹೇಬ ಪಡಸಾಲೆಯ ಗೋಡೆಗೆ ಒರಗಿ ಕುಳಿತಿದ್ದ. ಕಣ್ಣುಗಳು ಹಳದಿಯಾಗಿದ್ದವು, ಹೊಟ್ಟೆ ಉಬ್ಬಿತ್ತು.

“ಕಳೆದ ಮೂವತ್ತು ದಿನದಾಗ ಎಷ್ಟ ಸಲ ದಾರು ಕುಡದೀರಿ, ಕಾಕಾ?” ಟ್ಯಾಬ್ ನೋಡುತ್ತ ಸಪನಾ ಕೇಳಿದಳು.

“ಒಂದ ಸಲಾನೂ ಇಲ್ಲವ್ವಾ. ಬಿಟ್ಟ ಎಂಟ ತಿಂಗಳಾತು.”

ಅವಳು ಸೊನ್ನೆ ಒತ್ತಿದಳು. ‘ಕುಡಿಯದವರು’ ಎಂದು ತೋರಿಸಿದ ಟ್ಯಾಬ್, ಅಡುಗೆ ಎಣ್ಣೆಯ ಪ್ರಶ್ನೆಗೆ ಹಾರಿತು.

ಹೆಂಡತಿ ಸಕ್ಕುಬಾಯಿ ಒಳಗಿನಿಂದ ಬಂದಳು. “ಏನ್ ಬರದಿ?”

“ಕುಡಿಯೂದಿಲ್ಲ ಅಂತ, ಮಾವಶಿ.”

“ಇಪ್ಪತ್ತಾರ ವರ್ಷ ಕುಡದಾನ! ಈ ಹೊಟ್ಟಿ ಏನ್ ಚಾ ಕುಡದ ಬಂತೇನ? ಅಳಸ ಅದನ್ನ!”

ಬೇರೆ ಏನನ್ನೂ ಬರೆಯಲು ಟ್ಯಾಬ್ ಬಿಡಲಿಲ್ಲ. ಸಪನಾ ಚಿಕ್ಕೋಡಿಯಲ್ಲಿದ್ದ ಮೇಲ್ವಿಚಾರಕ ಸನ್ಮತಿಗೆ ಫೋನ್ ಮಾಡಿದಳು.

“ಫಾರ್ಮಿನ್ಯಾಗ ಐತಲ್ಲ, ಅಷ್ಟ ಕೇಳ್ರಿ,” ಎಂದ ಅವನು.

“ಸರ್, ಬಾಜೂ ಮನಿ ಅಣ್ಣಾಸಾಬ ವರ್ಷಕ್ಕೊಮ್ಮೆ ಕುಡಿಯಾಂವ. ಹ್ವಾದ ವಾರ ಲಗ್ನದಾಗ ಒಂದ ಬೀರ್ ಕುಡದಾನ, ಅಂವಾ ‘ಕುಡಿಯುವವರು’. ಗಟ್ಟಿಮುಟ್ಟ ಅದಾನ, ಕಬ್ಬ ಕಡಿಯಾಕ ಹೋಗ್ಯಾನ. ಲಿವರ್ ಕೆಟ್ಟ ಕುಂತ ಇವರು ‘ಕುಡಿಯದವರು’! ನಾಳೆ ಇದನ್ನ ಓದಿದವರು, ಕುಡಿಯದಿದ್ರನ ಲಿವರ್ ಕೆಡತೈತಿ ಅಂತಾರ.”

“ಸಂಜಿಯೊಳಗ ಇನ್ನ ಹತ್ತ ಮನಿ ಆಗಬೇಕು,” ಎಂದು ಸನ್ಮತಿ ಫೋನ್ ಇಟ್ಟ.

ಸಪನಾ ಟ್ಯಾಬನ್ನು ಚೀಲಕ್ಕೆ ತುರುಕಿ ನೋಟ್‌ಬುಕ್ ತೆಗೆದಳು. ಯಾವಾಗ ಶುರುವಾಯಿತು ಎಂದರೆ ದಾದಾಸಾಹೇಬನಿಗೆ ನೆನಪಿಲ್ಲ. ಸಕ್ಕುಬಾಯಿಗೆ ಎಲ್ಲ ನೆನಪಿತ್ತು.

“ಲಗ್ನ ಆದ ಮರುವರ್ಷ. ಮೊದಲ ಸಂತಿ ದಿನ ಅಷ್ಟ. ಮಗಳ ಸೀಮಾ ಹುಟ್ಟಿದ ಮ್ಯಾಲ ದಿನಾ ಒಂದ ಕ್ವಾರ್ಟರ್. ಮಹಾಪೂರ ಬಂದ ವರ್ಷದಿಂದ ಎರಡ. ಸೀಮಾನ ಲಗ್ನದಾಗ ನಾಕ ದಿನ ಮುಟ್ಟಲಿಲ್ಲ. ಕೈ ನಡಗಾಕತ್ತಿತ್ತು, ಅಕ್ಷತಾ ಹಾಕಾಕ ಆಗಲಿಲ್ಲ.”

ಸಪನಾ ವರ್ಷ ವರ್ಷವಾಗಿ ಬರೆದಳು. ಎರಡು ಪುಟ ತುಂಬಿತು. ದಾದಾಸಾಹೇಬ ಅದನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದ.

“ಇಷ್ಟ ಕುಡದೇನೇನ?” ಎಂದ ಮೆಲ್ಲಗೆ. ಸಕ್ಕುಬಾಯಿ ಅವನ ಗುಳಿಗೆ ತರಲು ಒಳಗೆ ಹೋದಳು.

ಶನಿವಾರದ ಮೀಟಿಂಗಿನಲ್ಲಿ ಮನೆ ಕಡಿಮೆಯಾದವೆಂದು ಸನ್ಮತಿ ಎಲ್ಲರೆದುರು ಬೈದ. ಸಪನಾ ಆ ಎರಡು ಪುಟಗಳನ್ನು ಸಮೀಕ್ಷೆಯ ಡಾಕ್ಟರ ಮುಂದಿಟ್ಟಳು. ಅವರು ಎರಡು ಸಲ ಓದಿ, ಹಣೆ ಒತ್ತಿಕೊಂಡರು. ಮೂರು ವಾರಕ್ಕೆ ಹೊಸ ಪ್ರಶ್ನೆಗಳು ಬಂದವು: ಹಿಂದೆ ಎಂದಾದರೂ ಕುಡಿದಿದ್ದಿರಾ, ಎಷ್ಟು ವರ್ಷ, ಯಾಕೆ ಬಿಟ್ಟಿರಿ. ಜೊತೆಗೆ, ಮುಗಿದ ಇನ್ನೂರ ಹದಿನಾಲ್ಕು ಮನೆಗಳಿಗೂ ಮತ್ತೆ ಹೋಗಬೇಕೆಂಬ ಆದೇಶ.

“ನೀವ ತಗದ ತಕರಾರು, ನೀವ ಮುಗಸ್ರಿ,” ಎಂದ ಸನ್ಮತಿ.

ಬಿಸಿಲಲ್ಲಿ ಸಪನಾ ಮತ್ತೆ ಹೊರಟಳು. ಮೊದಲ ಓಣಿಯಲ್ಲೇ ಐವರು ‘ಕುಡಿಯದವರು’ ಕಾಯಿಲೆ ಬಿದ್ದ ಮೇಲೆ ಬಿಟ್ಟವರೆಂದು ತಿಳಿಯಿತು. ಆ ಓಣಿಯ ಕೊನೆಯ ಮನೆಯ ಸತ್ತೆವ್ವ ಗಂಡನ ವಿಷಯ ಹೇಳಿ ಮುಗಿಸಿ, ಸಿಟ್ಟಿನಿಂದ ಕೇಳಿದಳು, “ಅವತ್ತ ಬಂದಾಗ ಇದನ್ನ ಯಾಕ ಕೇಳಲಿಲ್ಲವ್ವಾ?”

“ಅವತ್ತ ಫಾರ್ಮಿನ್ಯಾಗ ಇರಲಿಲ್ಲರಿ,” ಎಂದು ಸಪನಾ ಚಪ್ಪಲಿ ಮೆಟ್ಟಿದಳು.